ಮುಟ್ಟಬೇಡಿ ಎಂದು ಬರೆದ ಕೌದಿ

ನಿವೃತ್ತಿಯಾದ ಮೇಲೆ ನನ್ನನ್ನು ಕಾಣಲು ಬರುವ ಹೊಸ ಕನ್ನಡ ಶಿಕ್ಷಕರ ತಕರಾರು ಹೆಚ್ಚುಕಡಿಮೆ ಒಂದೇ. "ಅಕ್ಕೋರ, ಪ್ರಾಜೆಕ್ಟ್ ಅಂತ ಏನ್ ಕೊಡಬೇಕ್ರಿ? ಏನ್ ಕೊಟ್ರೂ ಹುಡುಗರು ಅಂಗಡ್ಯಾಗ ಪ್ರಿಂಟ್ ತಗಸಿ ತಂದು ಒಗೀತಾರ." ನಾನು ಹೇಳುವುದೂ ಒಂದೇ. "ಮನಿಯಿಂದ ಒಂದು ಸಾಮಾನು ತರಾಕ ಹೇಳ್ರಿ. ಅದರ ಬಾಜೂಕ ನಿಂದ್ರಸಿ ಮಾತಾಡಸ್ರಿ." ಮುದುಕಿಗೆ ಅರಳುಮರಳು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕುಡಿದು ಎದ್ದು ಹೋಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಈ ನಾಲ್ಕೂ ತಾಲ್ಲೂಕುಗಳ ಧೂಳು ಕುಡಿದವಳು ನಾನು. ಯಾವಾಗ ಬಡ್ತಿ ಬಂತು, ಯಾವಾಗ ಬರಲಿಲ್ಲ ಎಂಬುದರಲ್ಲಿ ನಿಮಗೆ ಕಲಿಯುವಂಥದ್ದೇನೂ ಇಲ್ಲ. ಆ ಪುರಾಣ ಬಿಡಿ.

ಎಲ್ಲ ಶುರುವಾದದ್ದು ಮುದ್ದೇಬಿಹಾಳ ಕಡೆಯ ಹೈಸ್ಕೂಲಿನಲ್ಲಿ, ಒಂದು ಪ್ರಬಂಧದಿಂದ. 'ನಾನು ನೋಡಿದ ವಸ್ತುಸಂಗ್ರಹಾಲಯ' ಎಂದು ಬರೆಯಲು ಕೊಟ್ಟಿದ್ದೆ. ತರಗತಿಗೆ ತರಗತಿಯೇ ಒಂದೇ ವಸ್ತುಸಂಗ್ರಹಾಲಯ ನೋಡಿ ಬಂದಿತ್ತು. ಎಲ್ಲರೂ ಬೆಳಗಿನ ಜಾವ ಹೊರಟಿದ್ದರು, ಎಲ್ಲರೂ ದಾರಿಯಲ್ಲಿ ರುಚಿಯಾದ ಪೂರಿ ತಿಂದಿದ್ದರು, ಎಲ್ಲರ ಮನಸ್ಸೂ ಹಿಂತಿರುಗುವಾಗ ಪುಳಕಿತವಾಗಿತ್ತು. ಊರು ಬಿಟ್ಟು ಒಂದು ಹೊತ್ತೂ ಹೊರಗೆ ಹೋಗದ ಹುಡುಗನನ್ನು ಎಬ್ಬಿಸಿ, "ಎಲ್ಲಿ ತಿಂದ್ಯೋ ಪೂರಿ?" ಎಂದೆ. "ಗೈಡಿನ್ಯಾಗ್ರಿ" ಎಂದ. ಪ್ರಾಮಾಣಿಕ ಹುಡುಗ. ಅವನನ್ನು ಬೈಯಲು ಬಾಯಿಯೇ ಬರಲಿಲ್ಲ. ಆದರೆ ಸಿಟ್ಟು ಇಳಿಯಲಿಲ್ಲ. ಅದೇ ಸಿಟ್ಟಿನಲ್ಲಿ, "ಇನ್ನ ಮ್ಯಾಲೆ ಪ್ರಬಂಧ ಬ್ಯಾಡ. ನಿಮ್ಮ ನಿಮ್ಮ ಮನಿಯಿಂದ ಒಂದೊಂದು ಹಳೇ ಸಾಮಾನು ತರ್ರಿ. ವಸ್ತುಸಂಗ್ರಹಾಲಯ ಇಲ್ಲೇ ಮಾಡೂಣು. ಅದಕ್ಕ ಮಾರ್ಕ್ಸ್" ಎಂದುಬಿಟ್ಟೆ.

ಮಾತು ಆಡಿದ್ದು ಸುಲಭ. ಮಾರನೆಯ ವಾರ ಬೀಸುಕಲ್ಲು, ಸೇರು, ಪಾವು, ಕಂದೀಲು, ಎಲ್ಲ ಬಂದು ಕೂತವು. ಅವುಗಳ ಮುಂದಿನ ಚೀಟಿ ಓದುತ್ತ ಹೋದರೆ ತಲೆ ಕೆಟ್ಟು ಮೊಸರ ಗಡಿಗೆಯಾಯಿತು. 'ಇದು ಬೀಸುಕಲ್ಲು. ಇದರಿಂದ ಬೀಸುತ್ತಾರೆ.' 'ಇದು ಕಂದೀಲು. ಇದು ಬೆಳಕು ಕೊಡುತ್ತದೆ.' ಸಾಮಾನು ಮನೆಯದು, ಚೀಟಿ ಮಾತ್ರ ಗೈಡಿನದೇ. ಆಗ ಒಂದು ನಿಯಮ ಮಾಡಿದೆ. ಚೀಟಿಯನ್ನು ಪಕ್ಕದ ಹುಡುಗನ ಸಾಮಾನಿನ ಮುಂದೆ ಇಟ್ಟರೂ ಹೊಂದುವಂತಿದ್ದರೆ ಅದಕ್ಕೆ ಸೊನ್ನೆ. ಈ ಸಾಮಾನು ಯಾರದು, ಕಡೆಯ ಸಲ ಯಾರ ಕೈಯಲ್ಲಿತ್ತು, ಇದು ಕಳೆದರೆ ಮನೆಯಲ್ಲಿ ಯಾರು ಅಳುತ್ತಾರೆ, ಇಷ್ಟು ಬರೆದರೆ ಸಾಕು. ಹುಡುಗರು ಮನೆಗೆ ಹೋಗಿ ಕೇಳಬೇಕಾಯಿತು. ಕೇಳಿಕೊಂಡು ಬಂದವರ ಕನ್ನಡವೇ ಬೇರೆಯಾಗಿತ್ತು. ನನ್ನ ನೌಕರಿಯಲ್ಲಿ ನಾನು ಕಂಡುಕೊಂಡ ವಿದ್ಯೆ ಏನಾದರೂ ಇದ್ದರೆ ಅದು ಇಷ್ಟೇ.

ಬಸವನ ಬಾಗೇವಾಡಿಗೆ ವರ್ಗವಾಗಿ ಹೋದಾಗ ಒಬ್ಬ ಹುಡುಗ ಅಜ್ಜಿಯ ರೊಟ್ಟಿ ಹಂಚಿನ ಬಗ್ಗೆ ಬರೆದಿದ್ದ. ಹಂಚಿನ ಮೇಲಿನ ಮಸಿ ಅಜ್ಜಿಯ ಕಾಲದಿಂದ ಕೂತದ್ದು, ಅದನ್ನು ಯಾರೂ ತೆಗೆದಿಲ್ಲ ಎಂದು. ಚಂದದ ಚೀಟಿ. ಪ್ರದರ್ಶನದ ದಿನ ಹಂಚು ಬಂದಿತು, ಹೊಸ ಪಾತ್ರೆಯಂತೆ ಫಳಫಳ. ಅವನ ಅವ್ವ ಹಿಂದಿನ ದಿನವೇ ಇಟ್ಟಂಗಿ ಪುಡಿ ಹಾಕಿ ತಿಕ್ಕಿದ್ದಳು. "ಸಾಲಿಗೆ ಕರೀ ಹಂಚು ಕಳಿಸಿದ್ರ ನಾಕ್ ಮಂದಿ ಏನಂದಾರ್ರಿ ಅಕ್ಕೋರ?" ಎಂದು ನನ್ನನ್ನೇ ಕೇಳಿದಳು. ಹುಡುಗ ಚೀಟಿಯ ಕೆಳಗೆ 'ನಿನ್ನೆಯವರೆಗೆ ಮಸಿ ಇತ್ತು' ಎಂದು ಸೇರಿಸಿದ. ಮಾರ್ಕ್ಸ್ ಕೊಟ್ಟೆ.

ಇಂಡಿಯಲ್ಲಿ ಇನ್ನೊಂದು ಫಜೀತಿ. ಅಗರಖೇಡದ ಕಡೆಯಿಂದ ಬರುತ್ತಿದ್ದ ಹುಡುಗಿ ತಮ್ಮ ತೋಟದ ಮೊದಲ ಗಿಡದ ನಿಂಬೆಹಣ್ಣು ತಂದು ಬುಟ್ಟಿಯಲ್ಲಿ ಇಟ್ಟಿದ್ದಳು. ಆ ಗಿಡ ನೆಟ್ಟ ಅಜ್ಜನ ಕಥೆಯನ್ನು ಬಾಯಿಪಾಠವಿಲ್ಲದೆ ಹೇಳಲು ತಯಾರಾಗಿ ನಿಂತಿದ್ದಳು. ನಮ್ಮ ಹೆಡ್ ಮಾಸ್ತರರಿಗೆ ಅತಿಥಿಗಳ ಚಿಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಮನುಷ್ಯ, ಬ್ಯಾನರು ಹಾರ ಎಲ್ಲ ತರಿಸಿದ್ದರು, ಶರಬತ್ತಿಗೆ ನಿಂಬೆಹಣ್ಣು ಮಾತ್ರ ಮರೆತಿದ್ದರು. ನಾನು ಒಳಗೆ ಬರುವಷ್ಟರಲ್ಲಿ ಬುಟ್ಟಿ ಖಾಲಿ. "ಶರಬತ್ ಭಾಳ ಛಲೋ ಆಗಿತ್ತು ನೋಡ್ರಿ" ಎಂದು ಮೀಸೆ ಒರೆಸಿಕೊಂಡರು. ಹುಡುಗಿ ಖಾಲಿ ಬುಟ್ಟಿಯ ಮುಂದೆಯೇ ನಿಂತು, "ಈಗ ನೀವು ಕುಡದ್ರಲ್ರಿ, ಅದು ನಮ್ಮ ಅಜ್ಜನ ಗಿಡದ್ದು" ಎಂದು ಶುರುಮಾಡಿದಳು. ಹೆಡ್ ಮಾಸ್ತರರು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಅಂಥ ಗಟ್ಟಿ ಹುಡುಗಿಯರೂ ಇರುತ್ತಾರೆ.

ಮೊಬೈಲು ಬಂದ ಮೇಲೆ ಪದ್ಧತಿ ಬದಲಾಯಿತು. ಹಲಸಂಗಿಯ ಒಬ್ಬಳು ಬೀಸುಕಲ್ಲಿನ ಪಕ್ಕ ಮೊಬೈಲು ಇಟ್ಟು, ಹಾಸಿಗೆ ಹಿಡಿದಿದ್ದ ಆಯಿಯ, ಅಂದರೆ ಅಜ್ಜಿಯ, ದನಿಯಲ್ಲಿ ಬೀಸುವ ಪದ ಕೇಳಿಸಿದಳು. ಅದನ್ನು ಕೇಳಿ ನಾನು ಅತ್ತೆ, ಹೇಳಲು ನಾಚಿಕೆಯೇನಿಲ್ಲ. ಅದೇ ಮೊಬೈಲಿನಿಂದ ಚೀಟಿಗಳನ್ನು ಇಳಿಸಿಕೊಂಡು ಬರುವುದೂ ಶುರುವಾಯಿತು. ಸೊನ್ನೆಯ ನಿಯಮ ಮಾತ್ರ ನಾನು ಬಿಡಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ಅದು ನಡೆದದ್ದು ಸಿಂದಗಿ ತಾಲ್ಲೂಕಿನಲ್ಲಿ, ನನ್ನ ನೌಕರಿಯ ಕಡೆಗಾಲದಲ್ಲಿ.

ಒಂಬತ್ತನೆಯ ತರಗತಿಯಲ್ಲಿ ರುಬೀನಾ ಎಂಬ ಹುಡುಗಿ ಇದ್ದಳು. ಹಾಜರಿ ಕರೆದಾಗ "ಬಂದೇನ್ರಿ" ಎನ್ನುವುದು ಬಿಟ್ಟರೆ ಅವಳ ಬಾಯಿಂದ ಇನ್ನೊಂದು ಮಾತು ಕೇಳಿದವರಿಲ್ಲ. ತಂದೆ ಮೌಲಾಸಾಬರದು ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ. ತಾಯಿ ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದರು. ಪ್ರದರ್ಶನಕ್ಕೆ ಏನು ತರುತ್ತೀರಿ ಎಂದು ಎಲ್ಲರಿಂದ ಬರೆಸಿಕೊಂಡಾಗ ರುಬೀನಾ ಕೊಟ್ಟ ಚೀಟಿ ಹೀಗಿತ್ತು: 'ಈ ಕೌದಿಯನ್ನು ನನ್ನ ತಾಯಿ ನನಗಾಗಿ ಹೊಲಿಯುತ್ತಿದ್ದರು. ಇಲ್ಲಿಗೆ ನಿಂತಿದೆ. ಸೂಜಿ ಅವರು ಬಿಟ್ಟಲ್ಲಿಯೇ ಇದೆ. ದಯವಿಟ್ಟು ಮುಟ್ಟಬೇಡಿ.'

ನಾನು ಅದರಲ್ಲಿ ಒಂದಕ್ಷರ ತಿದ್ದಲಿಲ್ಲ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಅದು, ನಮ್ಮ ಕಡೆ ಅದಿಲ್ಲದ ಮನೆಯಿಲ್ಲ. ಆದರೆ ಅರ್ಧಕ್ಕೆ ನಿಂತ ಕೌದಿಯನ್ನು ನಾನೂ ನೋಡಿರಲಿಲ್ಲ.

ಅದನ್ನು ಕೇಳಲು ಅಂಗಡಿಗೆ ಹೋದೆ. ಮೌಲಾಸಾಬರು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು ಎದ್ದು ನಿಂತರು. ವಿಷಯ ಕೇಳಿ ಮುಖ ಬಿಗಿಯಾಯಿತು.

"ಅದು ಟ್ರಂಕಿನ್ಯಾಗಿಂದ ಹೊರಗ ಬರೂದಿಲ್ರಿ ಅಕ್ಕೋರ. ಹೊಲಕೋತ ಕುಂತಾಕಿ ಜ್ವರ ಬಂದು ಎದ್ದಳು. ಬಿಜಾಪುರದ ದವಾಖಾನಿಗೆ ಒಯ್ದೆ. ಮನಿಗೆ ಬರಲಿಲ್ಲ. ಅದರಾಗಿನ ಸೂಜಿ ನಾನೂ ಮುಟ್ಟಿಲ್ರಿ."

ಇನ್ನೇನು ಹೇಳುವುದು? ಬೇರೆ ಏನಾದರೂ ತರಲಿ ಬಿಡಿ ಎಂದು ಹೊರಟಿದ್ದೆ. ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ರುಬೀನಾ, "ಅಬ್ಬಾ" ಎಂದಳು. ಅವಳ ದನಿ ಅಷ್ಟು ದಪ್ಪಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. "ಅಮ್ಮ ನನ ಸಲುವಾಗಿ ಹೊಲಿಯಾಕತ್ತಿದ್ಲು ಅಂತ ನಾ ಎಲ್ಲಾರಿಗೂ ಹೇಳಬೇಕು."

ತಂದೆ ಕೆಳಗಿಟ್ಟಿದ್ದ ತಂತಿ ಎತ್ತಿ ಮೊಳೆಗೆ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಸೂಜಿ ಸೈತ ಅಲುಗಾಡಬಾರ್ದು ನೋಡ್ರಿ" ಎಂದರು. "ಅಲುಗಾಡೂದಿಲ್ಲ. ಹೆಂಗ ಕೊಟ್ಟೀರೋ ಹಂಗ ವಾಪಸ್ ಕೊಡ್ತೇನಿ" ಎಂದು ಮಾತು ಕೊಟ್ಟೆ.

ಪ್ರದರ್ಶನದ ದಿನ ಬೆಂಚುಗಳನ್ನು ಗೋಡೆಗೆ ಸರಿಸಿ, ತರಗತಿಯ ನಡುವೆ ಜಮಖಾನೆ ಹಾಸಿ, ಅದರ ಮೇಲೆ ಕೌದಿ ಬಿಡಿಸಿದೆವು. ಹಸಿರು, ಹಳದಿ, ಬೂದಿ ಬಣ್ಣದ ತೇಪೆಗಳು, ನಡುವೆ ಒಂದೇ ಒಂದು ಕೆಂಪು. ನೀಲಿ ದಾರದ ಹೊಲಿಗೆ ಆ ಕೆಂಪು ತೇಪೆಯ ಒಳಗೆ ಎಲ್ಲೋ ಬಂದು ನಿಂತಿತ್ತು. ಅಲ್ಲಿ ಸೂಜಿ, ಸೂಜಿಯಲ್ಲಿ ಇನ್ನೂ ಮೊಳದುದ್ದ ನೀಲಿ ದಾರ. ರುಬೀನಾ ಕೌದಿಯ ತಲೆಯ ಕಡೆ, ಚೀಟಿಯ ಮಾತನ್ನೇ ರಟ್ಟಿನ ಮೇಲೆ ಬರೆದಿದ್ದ ತನ್ನ ಫಲಕ ನಿಲ್ಲಿಸಿದಳು.

ಅವತ್ತು ಪರಿವೀಕ್ಷಕರು ಬರುವವರಿದ್ದರು. ಅವರ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ವರ್ಷ ಬಂದಾಗ ಇಡೀ ಪ್ರದರ್ಶನ ಸುತ್ತಿ ನೋಡಿ, "ಎಲ್ಲಾ ಛಲೋ ಐತ್ರಿ, ಭಾಷಾ ಕಲಿಕಿ ಎಲ್ಲೈತಿ?" ಎಂದು ಕೇಳಿ ಹೋಗಿದ್ದರು. ಈ ಶಾಲೆಯ ಹೆಡ್ ಮಾಸ್ತರರಿಗೆ ಆ ಹೆದರಿಕೆ ಇತ್ತು. ಹಾಗಾಗಿ ಮಕ್ಕಳೆಲ್ಲ ಗೇಟಿನ ಹತ್ತಿರ ಎರಡು ಸಾಲಾಗಿ ನಿಂತು ಸ್ವಾಗತಿಸಬೇಕೆಂದು ಹುಕುಂ ಮಾಡಿದರು. ನಾನೂ ಹೋದೆ. ಜೀಪು ಬರುವುದು ತಡವಾಯಿತು. ಇತ್ತ ಹೊಲಕ್ಕೆ ಹೋಗುವ ಮೊದಲು ಮಕ್ಕಳ ಸಾಮಾನು ನೋಡಿ ಹೋಗೋಣವೆಂದು ಬಂದ ನಾಲ್ಕೈದು ಜನ ಹೆಣ್ಣುಮಕ್ಕಳು ಹಿಂದಿನ ಬಾಗಿಲಿನಿಂದ ತರಗತಿಗೆ ಹೋದದ್ದು ನಮಗೆ ಗೊತ್ತಾಗಲಿಲ್ಲ.

ನಮ್ಮ ಸೀಮೆಯ ರೀತಿ ಒಂದಿದೆ. ಯಾರದೇ ಅಂಗಳದಲ್ಲಿ ಕೌದಿ ಹಾಸಿದ್ದರೆ, ದಾರಿಯಲ್ಲಿ ಹೋಗುವ ಹೆಂಗಸು ಹಾಗೆಯೇ ದಾಟಿ ಹೋಗುವುದಿಲ್ಲ. ಕೂತು ಒಂದು ಸಾಲು ಹಾಕಿ, ಮನೆಯವರ ಸುಖದುಃಖ ಕೇಳಿ ಎದ್ದು ಹೋಗುತ್ತಾಳೆ. ಯಾರೂ ಕರೆಯಬೇಕಾಗಿಲ್ಲ, ಯಾರೂ ಬೇಡ ಅನ್ನುವುದಿಲ್ಲ.

ಪರಿವೀಕ್ಷಕರನ್ನು ಕರೆದುಕೊಂಡು ನಾವು ಬಾಗಿಲಿಗೆ ಬಂದಾಗ ಒಳಗೆ ಮಾತು, ನಗೆ. ಹೆಂಗಸರು ಕೌದಿಯ ಸುತ್ತ ಕೂತಿದ್ದರು. ನಡುವೆ ನಮ್ಮ ವಿದ್ಯಾರ್ಥಿಯೊಬ್ಬನ ಆಯಿ, ನೀಲವ್ವ. ಅವರ ಕೈಯಲ್ಲಿ ಆ ಸೂಜಿ.

ರುಬೀನಾ ನನ್ನನ್ನು ಸರಿಸಿ ಒಳಗೆ ಹೋಗಿ ಕೌದಿಯ ಮೇಲೆ ಮೊಣಕಾಲೂರಿದಳು. "ಸೂಜ್ಯಾಗ ನೀಲಿ ದಾರ ಇತ್ತಲ್ರಿ, ಎಲ್ಲಿ ಅದು?"

"ಅದು ಮುಗೀತಲ್ಲ ಮಗಳ" ಎಂದರು ನೀಲವ್ವಾಯಿ, ಮುಗುಳ್ನಗುತ್ತಲೇ. "ಇದ್ದಷ್ಟು ಹೊಲದ್ವಿ. ಆಮ್ಯಾಲ ನನ್ನ ಸಂಚಿಯಾಗಿನ ಬಿಳಿ ದಾರ ಪೋಣಿಸೇನಿ."

ಅವರಲ್ಲಿ ಓದು ಬರುವ ಚಿಕ್ಕ ಸೊಸೆಯೊಬ್ಬಳು ಆಗ ಫಲಕ ನೋಡಿದಳು. ಗಟ್ಟಿಯಾಗಿ ಓದಲು ಶುರುಮಾಡಿ, 'ಮುಟ್ಟಬೇಡಿ' ಎನ್ನುವಷ್ಟರಲ್ಲಿ ದನಿ ಇಳಿಯಿತು. ನೀಲವ್ವಾಯಿಯ ಕೈ ನಿಂತಿತು.

"ನನಗ ಓದಾಕ ಬರೂದಿಲ್ಲವ್ವ. ಹಾಸಿದ ಕೌದಿ, ಚುಚ್ಚಿಟ್ಟ ಸೂಜಿ. ಯಾರೋ ನೀರು ಕುಡ್ಯಾಕ ಎದ್ದು ಹೋಗ್ಯಾರ, ಬರೂತನಾ ಒಂದು ಸಾಲು ಹಾಕೂಣು ಅಂದ್ಕೊಂಡ್ವಿ."

ಅಷ್ಟರಲ್ಲಿ ಮೌಲಾಸಾಬರೂ ಬಂದರು. ಅಂಗಡಿ ಮುಚ್ಚಿ, ತೊಳೆದ ಅಂಗಿ ಹಾಕಿಕೊಂಡು, ಮಗಳ ಮಾತು ಕೇಳಲು ಬಂದಿದ್ದರು. ಎಲ್ಲ ನೋಡಿದರು. ದನಿ ಏರಿಸಲಿಲ್ಲ. "ಅಕ್ಕೋರ, ಮಾತು ಕೊಟ್ಟಿದ್ರಿ" ಎಂದರು ಅಷ್ಟೇ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯ ಬೈಗುಳವೂ ನನಗೆ ಹಾಗೆ ತಾಗಿರಲಿಲ್ಲ. "ಕೊಟ್ಟಿದ್ದೆ, ತಪ್ಪಾತ್ರಿ" ಎಂದೆ. ಕಣ್ಣು ತುಂಬಿ ಬಂದವು.

"ಬಿಚ್ಚತೀವಿ ತಮ್ಮಾ" ಎಂದರು ನೀಲವ್ವಾಯಿ. "ಹಾಕಿದ ಕೈಗೆ ಬಿಚ್ಚಾಕೂ ಬರ್ತೈತಿ." ಬಿಳಿ ದಾರ ಬಿಚ್ಚುವುದು ಕಷ್ಟವಾಗಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ತೆಗೆದರು. ಆಮೇಲೆ ನೀಲಿ ದಾರ ಬಂತು. ಅವರು ತಲೆ ಎತ್ತಿದರು. "ಎಲ್ಲಿಗೆ ನಿಲ್ಲಸಲಿ? ನಿಮ್ಮವ್ವಂದು ಎಲ್ಲಿಗೆ ಮುಗದಿತ್ತು, ತೋರಸವ್ವ."

ರುಬೀನಾ ಬಗ್ಗಿ ನೋಡಿದಳು. ಕೆಂಪು ತೇಪೆಯ ಹತ್ತಿರ ಬೆರಳಿಟ್ಟಳು, ಹಿಂದಕ್ಕೆ ಸರಿಸಿದಳು, ಮತ್ತೆ ಮುಂದಕ್ಕೆ ತಂದಳು. ಗೊತ್ತಾಗಲಿಲ್ಲ. ಮೌಲಾಸಾಬರು ಚಪ್ಪಲಿ ಬಿಟ್ಟು ಬಂದು ಮಗಳ ಪಕ್ಕ ಕೂತರು. ಕೂದಲೆಳೆಯಂಥ ತಂತಿಯನ್ನು ಸುತ್ತಿ ಸುತ್ತಿ ಪಳಗಿದ ಬೆರಳು ಅವರದು. ಆ ನೀಲಿ ಸಾಲಿನ ಮೇಲೆ ನಿಧಾನವಾಗಿ ಬೆರಳಾಡಿಸುತ್ತ ಹೋದರು, ಬಂದರು.

"ವರ್ಷಕ್ಕೊಮ್ಮಿ ಟ್ರಂಕ್ ತಗದು ಬಿಸಲಿಗೆ ಹಾಕೂಮುಂದ ನೋಡ್ತಿದ್ನಿ. ಇಲ್ಲೇ ಇತ್ತು. ಈಗ ಸಿಗವಲ್ದು" ಎಂದರು.

"ಹೆಂಗ ಸಿಕ್ಕೀತಪಾ" ಎಂದರು ನೀಲವ್ವಾಯಿ ಮೆಲ್ಲಗೆ. "ಹಿಂದಿನ ಹೊಲಿಗಿ ನೋಡೇ ಮುಂದಿನ ಹೊಲಿಗಿ ಹಾಕಬೇಕಲ್ಲ. ಆಕಿ ಹೆಂಗ ಹಾಕಿದ್ಲೋ ಹಂಗ ಹಾಕೇವಿ. ದಾರಾನೂ ಆಕೀದ."

ಸೂಜಿಯ ಮೊನೆ ನೀಲಿ ಹೊಲಿಗೆಯ ಮೇಲೆ ಹಿಡಿದಂತೆಯೇ ಇತ್ತು. ಒಂದು ಹೊಲಿಗೆ ಹೆಚ್ಚು ಬಿಚ್ಚಿದರೆ ಅದು ರುಬೀನಾಳ ತಾಯಿಯದು. ಅದು ಅಲ್ಲಿದ್ದ ಎಲ್ಲರಿಗೂ ಹೊಳೆದಿತ್ತು.

"ಬ್ಯಾಡ್ರಿ ಆಯಿ" ಎಂದಳು ರುಬೀನಾ. "ಬಿಚ್ಚಬ್ಯಾಡ್ರಿ. ಅಮ್ಮಂದು ಒಂದು ಹೊಲಿಗಿ ಸೈತ ಹೋಗಬಾರ್ದು."

ಎದ್ದು ಹೋಗಿ ತನ್ನ ಫಲಕ ತಂದಳು. ಬೋರಲು ಹಾಕಿ ಹಿಂಬದಿಯಲ್ಲಿ ಬರೆಯತೊಡಗಿದಳು. ಆ ಬರಹ ನನಗೆ ಇಂದಿಗೂ ಬಾಯಿಪಾಠ. 'ಈ ಕೌದಿ ನಮ್ಮಮ್ಮ ನನ ಸಲುವಾಗಿ ಹೊಲಿಯಾಕತ್ತಿದ್ಲು. ಎಲ್ಲಿಗೆ ನಿಲ್ಲಿಸ್ಯಾಳ ಅನ್ನೂದು ಈಗ ನನಗೂ ಗೊತ್ತಾಗವಲ್ದು. ಕುಂಡ್ರಿರಿ, ಒಂದು ಸಾಲು ಹಾಕ್ರಿ.'

ಅದನ್ನು ಅವಳೇ ಓದಿದಳು. ಆಮೇಲೆ ಅಮ್ಮನ ಬಗ್ಗೆ ಹೇಳಿದಳು, ಯಾವ ತೇಪೆ ಯಾರ ಅಂಗಿಯದು, ಯಾವುದು ಅಮ್ಮನ ಮದುವೆಯ ಸೀರೆಯದು ಎಂದು ಒಂದೊಂದನ್ನೇ ಮುಟ್ಟಿ ತೋರಿಸಿ ಹೇಳಿದಳು. ವರ್ಷವಿಡೀ ಬಾಯಿ ಬಿಡದ ಹುಡುಗಿ. ನೀಲವ್ವಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡೆಗೆ ಅಂಟಿ ನಿಂತಿದ್ದ ಪರಿವೀಕ್ಷಕರನ್ನು ಕರೆದರು. "ತಮ್ಮಾ, ನಿನಗ ಕಣ್ಣು ಕಾಣತಾವೇನು? ಇದಕ್ಕ ದಾರ ಪೋಣಿಸಿಕೊಡು." ಅವರು ಕನ್ನಡಕ ಸರಿಮಾಡಿಕೊಂಡು ಜಮಖಾನೆಯ ಅಂಚಿನಲ್ಲಿ ಕೂತರು. ಭಾಷಾ ಕಲಿಕೆ ಎಲ್ಲಿದೆ ಎಂದು ಆ ವರ್ಷ ಕೇಳಲಿಲ್ಲ.

ಅವತ್ತು ಹೊಲಕ್ಕೆ ಯಾರೂ ಹೋಗಲಿಲ್ಲ. ಬಂದ ಹೆಂಗಸರೆಲ್ಲ ಕೂತು ಒಂದೊಂದು ಸಾಲು ಹಾಕಿದರು. ನಾನೂ ಹಾಕಿದೆ, ವಕ್ರವಾಗಿ. ನೀಲವ್ವಾಯಿ ಬೈದು ಬಿಚ್ಚಿಸಿದರು, ಮತ್ತೆ ಹಾಕಿದೆ. ಇಳಿಹೊತ್ತಿಗೆ ಒಂದು ಮೂಲೆ ಮಾತ್ರ ಉಳಿಯಿತು. ಕಡೆಯ ಮೂಲೆಯ ಪದರದೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ರೂಢಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಅನ್ನುತ್ತಾರೆ. ಅದನ್ನು ಆ ಮನೆಯ ಹೆಣ್ಣುಮಗಳೇ ಇಡಬೇಕು. ಎಲ್ಲರೂ ಸೂಜಿ ಬಿಟ್ಟು ರುಬೀನಾಳ ಕಡೆ ನೋಡಿದರು. ಮೌಲಾಸಾಬರು ಹೊರಗೆ ಹೋಗಿ, ಸ್ಕೂಟರಿಗೆ ಸಿಕ್ಕಿಸಿದ್ದ ಬುತ್ತಿಯಿಂದ ಜೋಳದ ರೊಟ್ಟಿ ತಂದು ಮಗಳ ಕೈಗೆ ಮುರಿದು ಕೊಟ್ಟರು. ಅವಳು ಇಟ್ಟಳು, ಅವಳೇ ಹೊಲಿದಳು. ನೀಲವ್ವಾಯಿ ದಾರ ಕಡಿದರು.

ಎಲ್ಲರೂ ಹೋದ ಮೇಲೆ ಮೌಲಾಸಾಬರು ಕೌದಿ ಎತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಹೆಂಗ ಕೊಟ್ರೋ ಹಂಗ ವಾಪಸ್ ಕೊಡಾಕ ಆಗಲಿಲ್ರಿ" ಎಂದೆ.

ಅವರು ಅದನ್ನು ಮಡಿಚಲಿಲ್ಲ. ಸ್ಕೂಟರಿನ ಹಿಂದೆ ಕೂತಿದ್ದ ಮಗಳ ಹೆಗಲಿಗೆ ಹೊದಿಸಿ, ಇಳಿಬಿದ್ದ ಚುಂಗು ಗಾಲಿಗೆ ಸಿಗದಂತೆ ಅವಳ ಮಡಿಲಿಗೆ ಸೇರಿಸಿದರು.

"ಕೊಟ್ಟಾಗ ಅದು ಹೊದಕೊಳ್ಳಾಕ ಬರ್ತಿದ್ದಿಲ್ರಿ ಅಕ್ಕೋರ" ಎಂದರು.